ಮಕ್ಕಳ ಭರವಸೆಗೆ ಅಳತೆಗೋಲು ಬಂದ ಬಗೆ

ಯಾವ ದೇಶದ ಮಕ್ಕಳು ಜಾಸ್ತಿ ಖುಷಿಯಾಗಿದ್ದಾರೆ ಎಂಬ ಪಟ್ಟಿ ಆಗಾಗ ಸುದ್ದಿಯಾಗುತ್ತದೆ. ಒಂದು ಪಟ್ಟಿಯಲ್ಲಿ ಮೇಲಿದ್ದ ದೇಶ ಇನ್ನೊಂದರಲ್ಲಿ ಕೆಳಗಿಳಿದಿರುತ್ತದೆ. ಓದುವವರಿಗೆ ಯಾವುದನ್ನು ನಂಬಬೇಕು ಅಂತಲೇ ತಿಳಿಯುವುದಿಲ್ಲ. ಒಂದರಲ್ಲಿ ಬಡತನ, ಆರೋಗ್ಯ, ಶಾಲೆಯ ಲೆಕ್ಕವೂ ಸೇರಿರುತ್ತದೆ. ಇನ್ನೊಂದರಲ್ಲಿ ಮಕ್ಕಳೇ ಕೊಟ್ಟ ಉತ್ತರ ಮಾತ್ರ ಇರುತ್ತದೆ. ಎರಡನ್ನೂ ಯೋಗಕ್ಷೇಮ ಎಂದೇ ಕರೆಯುತ್ತಾರೆ. ಮಕ್ಕಳ ಭರವಸೆಯನ್ನು ಅಳೆಯಲು ಹೊರಟಾಗಲೂ ಇಂಥದೇ ತೊಡಕು.

ಬಹಳ ಕಾಲ ಮಕ್ಕಳನ್ನು ಯಾರೂ ಕೇಳಲೇ ಇಲ್ಲ. ಎಷ್ಟು ಶಿಶುಗಳು ಸತ್ತವು, ಎಷ್ಟು ಮಕ್ಕಳು ಶಾಲೆ ಬಿಟ್ಟರು ಎಂದು ಎಣಿಸಿದರೆ ಕೆಲಸ ಮುಗಿಯುತ್ತಿತ್ತು. ಮನಸ್ಸಿನ ವಿಷಯ ಬಂದರೆ ಅಪ್ಪ ಅಮ್ಮನನ್ನೋ ಟೀಚರನ್ನೋ ಕೇಳುತ್ತಿದ್ದರು. 1965ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಹ್ಯಾಡ್ಲಿ ಕ್ಯಾಂಟ್ರಿಲ್ ಬಳಕೆಗೆ ತಂದ ಏಣಿಯೂ ದೊಡ್ಡವರಿಗೆ ಮಾಡಿದ್ದು. ಕೆಳಗೆ 0, ಮೇಲೆ 10, ನಿಮ್ಮ ಬದುಕು ಈಗ ಯಾವ ಮೆಟ್ಟಿಲಲ್ಲಿದೆ ಎಂಬ ಒಂದೇ ಪ್ರಶ್ನೆ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಪ್ಪಂದ, ಮಗುವಿನ ಅಭಿಪ್ರಾಯಕ್ಕೂ ಬೆಲೆ ಕೊಡಬೇಕು ಎಂದ ಮೇಲೆ ಗಾಳಿ ನಿಧಾನವಾಗಿ ಬದಲಾಯಿತು.

ಭರವಸೆಯ ವಿಷಯದಲ್ಲಿ ಮೊದಲು ಅಳೆದದ್ದು ಹತಾಶೆಯನ್ನು. ದೊಡ್ಡವರಿಗಾಗಿ 1974ರಲ್ಲಿ ಮನೋವೈದ್ಯ ಆರನ್ ಬೆಕ್ ಅವರ ಪ್ರಶ್ನೆಪಟ್ಟಿ ಬಂತು. ಮಕ್ಕಳಿಗಾಗಿ 1983ರಲ್ಲಿ ಮನಶ್ಶಾಸ್ತ್ರಜ್ಞ ಅಲನ್ ಕ್ಯಾಜ್ಡಿನ್ ಮತ್ತು ಜೊತೆಗಾರರು 17 ವಾಕ್ಯಗಳ ಪಟ್ಟಿ ಮಾಡಿದರು. ಮಾನಸಿಕ ಚಿಕಿತ್ಸೆಗೆಂದು ಆಸ್ಪತ್ರೆ ಸೇರಿದ ಮಕ್ಕಳಲ್ಲಿ ಯಾರು ಜೀವ ಕಳೆದುಕೊಳ್ಳುವ ಯೋಚನೆಯಲ್ಲಿದ್ದಾರೆ ಎಂದು ಗುರುತಿಸಲು ಅದು ಬೇಕೇ ಬೇಕಿತ್ತು. ಆದರೆ ಹತಾಶೆ ಇಲ್ಲ ಅಂದ ಮಾತ್ರಕ್ಕೆ ಭರವಸೆ ತುಂಬಿದೆ ಅಂತ ಆಗುವುದಿಲ್ಲ, ಅಲ್ವಾ?

ಈ ಖಾಲಿ ಜಾಗಕ್ಕೆ 1997ರಲ್ಲಿ ಅಮೆರಿಕದ ಕ್ಯಾನ್ಸಸ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಸಿ. ಆರ್. ಸ್ನೈಡರ್ ಮತ್ತು ಸಂಗಡಿಗರು ಮಕ್ಕಳ ಭರವಸೆ ಮಾಪಕವನ್ನು ತಂದರು. ಭರವಸೆ ಎಂದರೆ ಸುಮ್ನೆ ಒಳ್ಳೆಯದಾಗಲಿ ಎಂದು ಕಾಯುವುದಲ್ಲ ಎಂಬುದು ಸ್ನೈಡರ್ ವಾದ. ಅದರಲ್ಲಿ ಎರಡು ಭಾಗ. ಗುರಿ ಮುಟ್ಟುತ್ತೇನೆ ಎಂಬ ಛಲ ಒಂದು, ಅಲ್ಲಿಗೆ ಹೋಗುವ ದಾರಿ ಹುಡುಕಬಲ್ಲೆ ಎಂಬ ನಂಬಿಕೆ ಇನ್ನೊಂದು.

ಹಾಳೆಯಲ್ಲಿ ಇರುವುದು ಬರೀ ಆರು ವಾಕ್ಯ. ಮೂರು ಛಲದ್ದು, ಮೂರು ದಾರಿಯದ್ದು. ಮಗುವಿನ ಕೈಗೆ ಕೊಡುವಾಗ ಮೇಲೆ ‘ನಿನ್ನ ಗುರಿಗಳ ಬಗ್ಗೆ ಪ್ರಶ್ನೆಗಳು’ ಎಂದಷ್ಟೇ ಬರೆದಿರುತ್ತದೆ. ಕಷ್ಟ ಬಂದರೆ ಅದನ್ನು ಬಿಡಿಸಲು ನನಗೆ ಬೇಕಾದಷ್ಟು ಉಪಾಯ ಹೊಳೆಯುತ್ತದೆ ಎಂಬರ್ಥದ ಸಾಲು ಒಂದು. ಉಳಿದವರು ಕೈಚೆಲ್ಲಿದರೂ ನಾನು ದಾರಿ ಹುಡುಕುತ್ತೇನೆ ಎಂಬುದು ಇನ್ನೊಂದು. ಪ್ರತಿ ಸಾಲಿಗೂ ‘ಯಾವತ್ತೂ ಇಲ್ಲ’ದಿಂದ ‘ಯಾವಾಗಲೂ’ ತನಕ ಆರು ಉತ್ತರ. ಒಟ್ಟು ಅಂಕ 6ರಿಂದ 36. ಸಣ್ಣ ಮಕ್ಕಳಿಗೆ ಓದಿ ಹೇಳಬಹುದು, ಕೆಲವೇ ನಿಮಿಷದಲ್ಲಿ ಮುಗಿಯುತ್ತದೆ. ಹಾಗಾಗಿಯೇ ಇದು ಬೇಗ ದೇಶ ದಾಟಿತು. ಪೋರ್ಚುಗಲ್, ಸರ್ಬಿಯಾ ಹೀಗೆ ಹಲವು ಕಡೆ ಅಲ್ಲಿನ ಭಾಷೆಗೆ ಬಂತು.

ತೊಡಕು ಶುರುವಾದದ್ದೂ ಇಲ್ಲೇ. ‘ನನ್ನ ವಯಸ್ಸಿನ ಬೇರೆ ಮಕ್ಕಳಷ್ಟೇ ನಾನೂ ಚೆನ್ನಾಗಿದ್ದೇನೆ’ ಎಂಬ ಅರ್ಥದ ಸಾಲನ್ನೇ ನೋಡಿ. ನಿರಾಶ್ರಿತರ ಶಿಬಿರದ ಹುಡುಗಿ ಪಕ್ಕದ ಡೇರೆಯ ಗೆಳತಿಯನ್ನು ನೋಡಿ ಹೌದು ಎನ್ನಬಹುದು. ಪರೀಕ್ಷೆಯ ಪೈಪೋಟಿಯಲ್ಲೇ ಬೆಳೆದ ಹುಡುಗ, ಎಲ್ಲ ಅನುಕೂಲ ಇದ್ದರೂ, ತರಗತಿಯಲ್ಲಿ ಮೊದಲ ರ‍್ಯಾಂಕ್ ಪಡೆದವನನ್ನು ನೆನೆದು ಇಲ್ಲ ಎನ್ನಬಹುದು. ತನ್ನನ್ನು ತಾನೇ ಹೊಗಳಿಕೊಳ್ಳಬಾರದು ಎಂದು ಕಲಿತ ಮಗು ನಡುವಿನ ಉತ್ತರಕ್ಕೆ ಗುರುತು ಹಾಕಿ ಸುಮ್ಮನಾಗುತ್ತದೆ.

ಇನ್ನೊಂದು ಕೊರತೆ ಇದಕ್ಕಿಂತ ಆಳದ್ದು. ಆರೂ ಸಾಲು ‘ನಾನು’ ಎಂಬುದರ ಸುತ್ತಲೇ ತಿರುಗುತ್ತವೆ. ಓದು, ಮುಂದಿನ ಕೆಲಸ ಎಲ್ಲವನ್ನೂ ಮನೆಯವರು ಕೂಡಿ ಯೋಚಿಸುವ ಕಡೆ, ದಾರಿ ತೋರಿಸುವವಳು ಅಕ್ಕ ಆಗಿರಬಹುದು. ಆ ಮಗುವಿನ ಭರವಸೆಗೆ ಈ ಹಾಳೆಯಲ್ಲಿ ಜಾಗ ಎಲ್ಲಿದೆ? 2010ರಲ್ಲಿ ಫಿಲಿಪ್ಪೀನ್ಸ್‌ನ ಮನಶ್ಶಾಸ್ತ್ರಜ್ಞ ಅಲನ್ ಬರ್ನಾರ್ಡೊ ಈ ಪ್ರಶ್ನೆ ಎತ್ತಿಕೊಂಡು, ಕುಟುಂಬ, ಗೆಳೆಯರು, ದೇವರು ಇವರಿಂದ ಬರುವ ಭರವಸೆಯನ್ನೂ ಬೇರೆ ಬೇರೆಯಾಗಿ ಅಳೆಯುವ ಮಾಪಕ ಮಾಡಿದರು. ಇಷ್ಟು ಮುಖ್ಯವಾದ ಕೆಲಸಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ.

ಅತ್ತ ದೇಶ ದೇಶಗಳ ಹೋಲಿಕೆ ಜೋರಾಗಿತ್ತು. 2007ರಲ್ಲಿ ಯುನಿಸೆಫ್ 21 ಶ್ರೀಮಂತ ದೇಶಗಳನ್ನು ಸಾಲಾಗಿ ನಿಲ್ಲಿಸಿತು. ನೆದರ್ಲೆಂಡ್ಸ್ ಮೊದಲು, ಬ್ರಿಟನ್ ಕೊನೆಗೆ. ಹಲವು ದೇಶಗಳ ಶಾಲಾ ಮಕ್ಕಳ ಕಲಿಕೆಯನ್ನು ಹೋಲಿಸುವ ಪಿಸಾ ಪರೀಕ್ಷೆಯ ಜೊತೆಗೆ 2015ರಲ್ಲಿ 15 ವರ್ಷದವರಿಗೆ ಬದುಕಿನ ಬಗ್ಗೆ 0ಯಿಂದ 10ರ ಪ್ರಶ್ನೆಯನ್ನೂ ಕೇಳಿದರು. ಪಿಸಾ ನಡೆಸುವ, ಹೆಚ್ಚಾಗಿ ಶ್ರೀಮಂತ ದೇಶಗಳೇ ಇರುವ ಒಇಸಿಡಿ ಕೂಟದ ದೇಶಗಳ ಸರಾಸರಿ 7.3. ಮೆಕ್ಸಿಕೊ 8.3, ದಕ್ಷಿಣ ಕೊರಿಯಾ 6.4. ಕೊರಿಯಾದ ಮಕ್ಕಳ ಮೇಲೆ ಓದಿನ ಒತ್ತಡ ಇರುವುದು ನಿಜ. ಆದರೆ ಈ ಅಂತರದಲ್ಲಿ ಒತ್ತಡದ ಪಾಲೆಷ್ಟು, ಉತ್ತರ ಕೊಡುವ ರೂಢಿಯ ಪಾಲೆಷ್ಟು? ಆ ಒಂದು ಅಂಕಿಯಿಂದ ಅದನ್ನು ಬಿಡಿಸಿ ಹೇಳಲಾಗದು.

ಇದಕ್ಕೆ ಸಂಖ್ಯಾಶಾಸ್ತ್ರದವರ ಬಳಿ ಮೂರು ಹಂತದ ಪರೀಕ್ಷೆ ಇದೆ. ಪ್ರಶ್ನೆಗಳು ಎಲ್ಲ ಕಡೆ ಒಂದೇ ರೀತಿ ಗುಂಪಾಗುತ್ತವೆಯೇ? ಪ್ರತಿ ಪ್ರಶ್ನೆಯ ತೂಕ ಒಂದೇ ಇದೆಯೇ? ಅಳತೆ ಶುರುವಾಗುವ ಜಾಗ ಒಂದೇ ಇದೆಯೇ? ಮೊದಲೆರಡನ್ನು ದಾಟಿ ಮೂರನೆಯದರಲ್ಲಿ ಮುಗ್ಗರಿಸುವ ಮಾಪಕಗಳು ಬಹಳ. ಮುಳ್ಳು ಬೇರೆ ಬೇರೆ ಕಡೆ ನಿಂತಿರುವ ಎರಡು ತಕ್ಕಡಿಯಲ್ಲಿ ತೂಗಿ ಯಾವುದು ಭಾರ ಎಂದು ಹೇಳಿದಂತೆ ಆಗುತ್ತದೆ ಆಗ. ಒಂದೇ ಕಡೆಯ ಮಕ್ಕಳನ್ನು ಈ ವರ್ಷ, ಮುಂದಿನ ವರ್ಷ ಅಳೆದು ನೋಡುವುದಕ್ಕೆ ಆ ಮಾಪಕ ಆಗಲೂ ಉಪಯೋಗಕ್ಕೆ ಬರಬಹುದು. ಸರಾಸರಿ ಹಿಡಿದು ದೇಶಗಳಿಗೆ ರ‍್ಯಾಂಕ್ ಕೊಡಲು ಬರುವುದಿಲ್ಲ. ಪಟ್ಟಿ ಸುದ್ದಿಯಾಗುವಾಗ ಈ ಮಾತು ಜೊತೆಗೆ ಬರುವುದೇ ಅಪರೂಪ.

ಹಲವು ದೇಶಗಳ ಮಕ್ಕಳನ್ನೇ ಅವರ ಬದುಕಿನ ಬಗ್ಗೆ ಕೇಳುವ ‘ಚಿಲ್ಡ್ರನ್ಸ್ ವರ್ಲ್ಡ್ಸ್’ ಸಮೀಕ್ಷೆ ಈ ಎಚ್ಚರದಿಂದಲೇ ಮುಂದೆ ಹೋಗಿದೆ. ಅದರ ಮೂರನೇ ಸುತ್ತಿನಲ್ಲಿ 35 ದೇಶಗಳ 1,28,000ಕ್ಕೂ ಹೆಚ್ಚು ಮಕ್ಕಳು ಉತ್ತರಿಸಿದರು. ವಯಸ್ಸು ಸುಮಾರು 8, 10, 12. ಖುಷಿಯ ಅಂಕದ ಜೊತೆಗೆ, ಮನೆಯಲ್ಲಿ ಭಯವಿಲ್ಲದೆ ಇರುತ್ತೀಯಾ, ನಿನ್ನ ಮಾತನ್ನು ದೊಡ್ಡವರು ಕೇಳಿಸಿಕೊಳ್ಳುತ್ತಾರಾ ಎಂಬಂಥ ಪ್ರಶ್ನೆಗಳೂ ಅಲ್ಲಿವೆ. ಇವುಗಳ ಉತ್ತರ ನೋಡಿ ಯಾರಾದರೂ ಏನಾದರೂ ಮಾಡಬಹುದು.

ಇಷ್ಟಾದರೂ ಈ ಸಮೀಕ್ಷೆ, ಪಿಸಾ, ಯುರೋಪಿನಲ್ಲಿ 11, 13, 15 ವರ್ಷದವರನ್ನು ಕೇಳುವ ವಿಶ್ವ ಆರೋಗ್ಯ ಸಂಸ್ಥೆಯ (ಡಬ್ಲ್ಯುಎಚ್‌ಒ) ಸಮೀಕ್ಷೆ, ಮೂರೂ ನಡೆಯುವುದು ತರಗತಿಯಲ್ಲಿ. ಮನೆ ಮನೆಗೆ ಹೋಗುವ ಯುನಿಸೆಫ್‌ನ ‘ಮಿಕ್ಸ್’ (MICS) ಎಂಬ ಸಮೀಕ್ಷೆಯಲ್ಲಿ ಕ್ಯಾಂಟ್ರಿಲ್ ಏಣಿಯಂಥ ಪ್ರಶ್ನೆ ಇದೆ, ಆದರೆ 15 ತುಂಬಿದವರಿಗೆ. ಅದಕ್ಕಿಂತ ಚಿಕ್ಕವರಾಗಿದ್ದು ಶಾಲೆ ಬಿಟ್ಟು ಕೆಲಸಕ್ಕೆ ಹೋಗುತ್ತಿರುವ ಮಕ್ಕಳ ಉತ್ತರ ಈ ಯಾವ ಸರಾಸರಿಯಲ್ಲೂ ಸೇರಿಲ್ಲ.