ಯಾವ ಪದಕ್ಕೆ ‘ನೆಸ್’, ಯಾವುದಕ್ಕೆ ‘ಇಟಿ’? ಗೊತ್ತಾಗೋದು ಹೇಗೆ?

ಪ್ರಶ್ನೆ: ಇಂಗ್ಲಿಷಲ್ಲಿ ಕೈಂಡ್ ಅನ್ನೋದು ಕೈಂಡ್‌ನೆಸ್ ಆಗುತ್ತೆ, ಆಕ್ಟಿವ್ ಅನ್ನೋದು ಆಕ್ಟಿವಿಟಿ ಆಗುತ್ತೆ, ಅರೈವ್ ಹೋಗಿ ಅರೈವಲ್ ಆಗುತ್ತೆ. ಇದಕ್ಕೆ ರೂಲ್ ಇದ್ಯಾ, ಇಲ್ಲ ಎಲ್ಲಾ ಬಾಯಿಪಾಠ ಮಾಡ್ಬೇಕಾ?

ಎಲ್ಲಾ ಬಾಯಿಪಾಠ ಖಂಡಿತ ಬೇಡ. ಎಲ್ಲದಕ್ಕೂ ಹೊಂದೋ ಒಂದೇ ರೂಲ್ ಇಲ್ಲ ನಿಜ, ಆದ್ರೆ ಪದದ ಬಾಲ ನೋಡಿದ್ರೆ ಮುಂದೆ ಏನು ಸೇರುತ್ತೆ ಅಂತ ಬಹಳ ಸಲ ಹೇಳ್ಬಹುದು.

ಮೊದಲು ನೆಸ್ ಮತ್ತು ಇಟಿ ನೋಡೋಣ. ಡಾರ್ಕ್, ಗುಡ್, ಕೈಂಡ್ ಇವೆಲ್ಲ ಇಂಗ್ಲಿಷಿನ ಸ್ವಂತ ಹಳೇ ಪದಗಳು, ನೆಸ್ ಕೂಡ ಹಾಗೇ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಫ್ರೆಂಚ್ ಅರಮನೆ ಭಾಷೆ ಆಯ್ತು, ಆಮೇಲೆ ಫ್ರೆಂಚ್, ಲ್ಯಾಟಿನ್ ಪದಗಳು ರಾಶಿರಾಶಿ ಬಂದ್ವು, ಅವುಗಳ ಜೊತೆಗೇ ಇಟಿ ಬಂತು. ನಾವು ಕಳ್ಳತನ, ದೊಡ್ಡತನ ಅಂತೀವಿ, ದೊಡ್ಡತ್ವ ಅನ್ನಲ್ಲ, ಆದ್ರೆ ಸಂಸ್ಕೃತದಿಂದ ಬಂದ ವ್ಯಕ್ತಿಗೆ ವ್ಯಕ್ತಿತ್ವ ಅಂತೀವಲ್ಲ, ಇಂಗ್ಲಿಷಲ್ಲೂ ಅದೇ ಲೆಕ್ಕ: ಸ್ವಂತ ಪದಕ್ಕೆ ನೆಸ್, ಹೊರಗಿಂದ ಬಂದದ್ದಕ್ಕೆ ಬಹಳ ಸಲ ಇಟಿ. ನೆಸ್ ಸ್ವಲ್ಪ ಉದಾರಿ, ನರ್ವಸ್‌ನೆಸ್ ಅಂತ ಹೊರಗಿನ ಪದಕ್ಕೂ ಸೇರಿಕೊಳ್ಳುತ್ತೆ. ಇಟಿ ಮಾತ್ರ ಹಾಗಲ್ಲ, ಕೈಂಡಿಟಿ ಅಂತ ಯಾರೂ ಹೇಳಲ್ಲ.

ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬರೋದು ಅನ್ಸೋದು ಇದು: ಪದದಲ್ಲಿ ಈಗಾಗ್ಲೇ ಒಂದು ಸಫಿಕ್ಸ್ (ಕೊನೆಗೆ ಅಂಟೋ ಇಂಥ ತುಂಡು) ಇದ್ರೆ ಮುಂದಿನದನ್ನ ಅದೇ ಹೆಚ್ಚುಕಮ್ಮಿ ತೀರ್ಮಾನ ಮಾಡುತ್ತೆ. ಏಬಲ್ ಇದ್ರೆ ಎಬಿಲಿಟಿ, ರೀಡಬಲ್ ರೀಡಬಿಲಿಟಿ ಆದ ಹಾಗೆ. ಫೈ ಇದ್ರೆ ಫಿಕೇಶನ್, ಸಿಂಪ್ಲಿಫೈ ಸಿಂಪ್ಲಿಫಿಕೇಶನ್ (ಸ್ಯಾಟಿಸ್ಫೈ ಸ್ಯಾಟಿಸ್ಫ್ಯಾಕ್ಷನ್ ಆಗೋದು ಬೇರೆ ದಾರಿ, ಅದನ್ನ ನೆನಪಿಟ್ಕೊಳ್ಳಿ). ಮಾಡರ್ನೈಸ್ ಥರದವು ಐಸೇಶನ್ ಆಗ್ತವೆ, ರೆಕಗ್ನೈಸ್ ಮಾತ್ರ ರೆಕಗ್ನಿಷನ್.

ಅರೈವಲ್ ಥರದವಕ್ಕೆ ಕಿವಿ ಬೇಕು. ಅರೈವ್, ರೆಫ್ಯೂಸ್, ಅಪ್ರೂವ್, ಪ್ರಪೋಸ್ ಹೇಳಿ ನೋಡಿ, ಒತ್ತು ಕೊನೇ ಭಾಗದ ಮೇಲೆ ಬೀಳುತ್ತೆ. ವರ್ಬ್‌ಗೆ ‘ಅಲ್’ ಸೇರಿಸಿ ನೌನ್ ಮಾಡೋದು ಸಾಮಾನ್ಯವಾಗಿ ಇಂಥವಕ್ಕೇ. ಡೆವಲಪ್‌ನಲ್ಲಿ ಒತ್ತು ನಡುವೆ, ಅದು ಡೆವಲಪ್‌ಮೆಂಟ್ ಆಗುತ್ತೆ. ಹಾಗಂತ ಕೊನೇಲಿ ಒತ್ತು ಇರೋದೆಲ್ಲ ಅಲ್ ತಗೊಳ್ಳಲ್ಲ, ಅಗ್ರೀ ಅಗ್ರಿಮೆಂಟ್ ಆಗುತ್ತೆ, ಡಿಸೈಡ್ ಡಿಸಿಷನ್ ಆಗುತ್ತೆ, ಇಲ್ಲಿ ಡಿಕ್ಷನರಿ ನೋಡ್ಲೇಬೇಕು.

ಪದದ ಶುರುವಲ್ಲಿ ಬರೋ ಅನ್, ರೀ, ಡಿಸ್ ಸಾಮಾನ್ಯವಾಗಿ ಅರ್ಥ ಬದಲಿಸ್ತವೆ, ನೌನ್, ವರ್ಬ್ ಅನ್ನೋ ಜಾತಿ ಬದಲಿಸಲ್ಲ, ಹ್ಯಾಪಿ ಆದ್ರೂ ಅನ್‌ಹ್ಯಾಪಿ ಆದ್ರೂ ಅಡ್ಜೆಕ್ಟಿವೇ. ‘ಎನ್’ ಬೇರೆ ಥರ, ರಿಚ್, ಲಾರ್ಜ್, ಡೇಂಜರ್ ಮೂರನ್ನೂ ವರ್ಬ್ ಮಾಡಿಬಿಡುತ್ತೆ: ಎನ್‌ರಿಚ್, ಎನ್‌ಲಾರ್ಜ್, ಎನ್‌ಡೇಂಜರ್.

ಇನ್ನು ‘ಲಿ’ ಇದ್ರೆ ಆಡ್‌ವರ್ಬ್ ಅಂತ ಕಣ್ಮುಚ್ಚಿ ಬರೀಬೇಡಿ. ಅಡ್ಜೆಕ್ಟಿವ್‌ಗೆ ಲಿ ಸೇರಿದ್ರೆ ಸಾಮಾನ್ಯವಾಗಿ ಆಡ್‌ವರ್ಬ್, ಉದಾಹರಣೆಗೆ ಕ್ವಿಕ್ಲಿ. ಫ್ರೆಂಡ್ ನೌನ್ ಆಗಿರೋದ್ರಿಂದ ಫ್ರೆಂಡ್ಲಿ ಅಡ್ಜೆಕ್ಟಿವ್, ಅದಕ್ಕೇ ‘ಹೀ ಸ್ಪೋಕ್ ಫ್ರೆಂಡ್ಲಿ’ ತಪ್ಪು, ‘ಇನ್ ಎ ಫ್ರೆಂಡ್ಲಿ ವೇ’ ಅನ್ಬೇಕು.