ಹಳೇ ಸಿನಿಮಾ ಪತ್ರಿಕೆ ಬಂದರೆ ನಾನು ಮೊದಲು ಪಿನ್ ನೋಡುತ್ತೇನೆ

ಹೋದ ತಿಂಗಳು ತುಮಕೂರು ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಟ್ರಂಕ್ ತುಂಬಾ ಹಳೇ ಸಿನಿಮಾ ಪತ್ರಿಕೆ ತಂದಿದ್ದರು. ಎಲ್ಲಕ್ಕಿಂತ ಮೇಲೆ, ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ, 2006ರ ಏಪ್ರಿಲ್‌ನಲ್ಲಿ ಡಾ. ರಾಜ್‌ಕುಮಾರ್ ತೀರಿಕೊಂಡಾಗ ಬಂದ ವಿಶೇಷ ಸಂಚಿಕೆಗಳು. ‘ಇವಕ್ಕೇ ಜಾಸ್ತಿ ಬರುತ್ತೆ ಅಲ್ವಾ ಸಾರ್?’ ಅಂದರು. ‘ಇಲ್ಲ ಮೇಷ್ಟ್ರೇ, ಇವಕ್ಕೇ ಕಮ್ಮಿ’ ಅಂದೆ. ಮುಖ ಸಪ್ಪಗಾಯಿತು.

ಅಂಥ ಸಂಚಿಕೆಯನ್ನು ಕೊಂಡವರು ಯಾರೂ ಗುಜರಿಗೆ ಹಾಕುವುದಿಲ್ಲ. ಮೇಷ್ಟ್ರ ಹಾಗೆ ಸಾವಿರಾರು ಜನ ಎತ್ತಿಟ್ಟಿದ್ದಾರೆ. 1990ರಲ್ಲಿ ಶಂಕರ್‌ನಾಗ್ ಹೋದಾಗಿನದು, 2021ರಲ್ಲಿ ಪುನೀತ್ ಹೋದಾಗಿನದು, ಎಲ್ಲದರ ಕಥೆಯೂ ಇದೇ. ಎಲ್ಲರ ಅಟ್ಟದಲ್ಲೂ ಇರುವುದಕ್ಕೆ ಯಾರು ದುಡ್ಡು ಕೊಡುತ್ತಾರೆ?

ಬೆಲೆ ಇರುವುದು ಯಾರೂ ಎತ್ತಿಡದೇ ಹೋದ ಸಂಚಿಕೆಗೆ. ರಜನಿಕಾಂತ್ ಅವರನ್ನೇ ತಗೊಳ್ಳಿ. ಬೆಂಗಳೂರಿನಲ್ಲಿ ಬಸ್ ಕಂಡಕ್ಟರ್ ಆಗಿದ್ದವರು, 1975ರಲ್ಲಿ ತಮಿಳು ಸಿನಿಮಾಕ್ಕೆ ಬಂದರು, ಮರುವರ್ಷ ಪುಟ್ಟಣ್ಣ ಕಣಗಾಲರ ‘ಕಥಾಸಂಗಮ’ದಲ್ಲಿ ಕಾಣಿಸಿಕೊಂಡರು. ಆಗ ಅವರ ಫೋಟೋ ಒಳಪುಟದ ಮೂಲೆಯಲ್ಲಿ ಅಂಚೆಚೀಟಿಯಷ್ಟಗಲ ಬಂದಿದ್ದರೂ ಆ ಪತ್ರಿಕೆ ಇಟ್ಟುಕೊಳ್ಳಬೇಕು ಅಂತ ಯಾರಿಗೆ ಅನಿಸುತ್ತೆ? ಓದಿದರು, ಕಡಲೆಕಾಯಿ ಕಟ್ಟಲು ಹೋಯಿತು. ಅದಕ್ಕೇ ನಾನು ಮುಖಪುಟ ನೋಡಿ ಬೆಲೆ ಹೇಳುವುದಿಲ್ಲ, ಒಳಗಿನ ಸಣ್ಣ ಸುದ್ದಿ, ಜಾಹೀರಾತು, ಓದುಗರ ಪತ್ರ ಎಲ್ಲವನ್ನೂ ತಿರುವಿ ಹಾಕುತ್ತೇನೆ. ಮೊದಲ ಸಂಚಿಕೆಗಳ ಲೆಕ್ಕ ಬೇರೆ. ಕಾಮಿನಿ ಕೌಶಲ್ ಮುಖಪುಟದ 1952ರ ಮಾರ್ಚ್‌ನ ಫಿಲ್ಮ್‌ಫೇರ್, ರಾಜೇಶ್ ಖನ್ನಾ ಇರುವ 1971ರ ಅಕ್ಟೋಬರ್‌ನ ಸ್ಟಾರ್‌ಡಸ್ಟ್, ಇಂಥವನ್ನು ಹುಡುಕುವವರು ಯಾವಾಗಲೂ ಇರುತ್ತಾರೆ.

ಇನ್ನು ಪಿನ್ ವಿಷಯ. ನಡುಮಧ್ಯೆ ಪಿನ್ ಹೊಡೆದ ಪತ್ರಿಕೆಯಲ್ಲಿ ಒಂದೊಂದು ಹಾಳೆಯೂ ಮಡಚಿದ್ದು, ಅಂದರೆ ಒಂದು ಹಾಳೆಗೆ ನಾಲ್ಕು ಪುಟ. 64 ಪುಟದ ಸಂಚಿಕೆ ಅಂದುಕೊಳ್ಳಿ. ಯಾರೋ 11-12ನೇ ಪುಟ ಕಿತ್ತಿದ್ದರೆ ಅದರ ಜೋಡಿ 53-54 ಸಡಿಲವಾಗಿ ಅಲ್ಲಾಡುತ್ತಿರುತ್ತದೆ, ಬೆರಳಿಗೇ ಗೊತ್ತಾಗುತ್ತೆ. ಮೋಸ ಹೋಗುವುದು ನಡುಪುಟದಲ್ಲಿ. ಹಾಸ್ಟೆಲ್ ಗೋಡೆ, ಸಲೂನ್ ಕನ್ನಡಿ ಪಕ್ಕಕ್ಕೆ ಹೋಗುತ್ತಿದ್ದ ಬಣ್ಣದ ಫೋಟೋ ಅದೇ ತಾನೇ? ಆ ಹಾಳೆ ಪಿನ್ನಿನಿಂದ ನೀಟಾಗಿ ಬಿಡಿಸಿಕೊಂಡು ಬರುತ್ತದೆ, ಏನೂ ಸಡಿಲ ಆಗುವುದಿಲ್ಲ, ಹರಿದ ಗುರುತೂ ಇಲ್ಲ. 30ನೇ ಪುಟ ಆದಮೇಲೆ ಸೀದಾ 35 ಬಂದರೆ ನಡುಪುಟ ಹೋಗಿದೆ ಅಂತ ಅರ್ಥ. ಬಣ್ಣದ ಪುಟಕ್ಕೆ ಎಷ್ಟೋ ಸಲ ನಂಬರೇ ಹಾಕಿರುವುದಿಲ್ಲ, ಹಾಗಾಗಿ ಒಂದೊಂದೇ ಹಾಳೆ ಎಣಿಸಲೇಬೇಕು. ನಡುಪುಟ ಇಲ್ಲದಿದ್ದರೆ ನಾನು ಅರ್ಧ ಬೆಲೆಯನ್ನೂ ಹೇಳುವುದಿಲ್ಲ.

ಪಿನ್ ತುಕ್ಕು ಹಿಡಿದಿದ್ದರೆ ಹಾಗೇ ಬಿಡಿ. ಈ ಕೆಲಸಕ್ಕೆ ಇಳಿದ ಹೊಸದರಲ್ಲಿ ನಾನೇ ಒಂದು ಒಳ್ಳೇ ರೂಪತಾರಾದ ತುಕ್ಕು ಪಿನ್ ಕಿತ್ತು, ಬೆನ್ನಿಗೆ ಸೆಲ್ಲೋಟೇಪ್ ಅಂಟಿಸಿ, ಭಾರೀ ಕೆಲಸ ಮಾಡಿದೆ ಅಂತ ಬೀಗಿದ್ದೆ. ಕೆಲವೇ ವರ್ಷದಲ್ಲಿ ಟೇಪ್ ಉದುರಿತು, ಅಂಟು ಮಾತ್ರ ಕಾಗದದೊಳಗೆ ಇಳಿದು ಕಂದು ಪಟ್ಟಿ ಬಿಟ್ಟಿತು. ಈಗಲೂ ಅದು ನನ್ನ ಕಪಾಟಿನಲ್ಲೇ ಇದೆ, ಯಾರಿಗೆ ಮಾರಲಿ? ಲ್ಯಾಮಿನೇಷನ್ ಇನ್ನೂ ಕೆಟ್ಟದ್ದು, ಅದನ್ನು ತೆಗೆಯುವ ದಾರಿಯೇ ಇಲ್ಲ.

ನಮ್ಮಲ್ಲಿ ಇನ್ನೊಂದು ಅಭ್ಯಾಸ ಇತ್ತು. ವಾರಪತ್ರಿಕೆಯ ಧಾರಾವಾಹಿ ಪುಟಗಳನ್ನು ಕತ್ತರಿಸಿ ಬೈಂಡ್ ಮಾಡಿಸುವುದು. ಓದುವುದಕ್ಕೆ ಚೆಂದ, ಆದರೆ ಉಳಿದ ಪತ್ರಿಕೆ ಅಸ್ಥಿಪಂಜರ. ಪೂರ್ತಿ ಸಂಚಿಕೆಗಳನ್ನೇ ಬೈಂಡ್ ಮಾಡಿಸಿದ್ದರೂ ಬೈಂಡರ್ ಅಂಚು ಸವರಿರುತ್ತಾನೆ, ಕೆಲವೊಮ್ಮೆ ಮುಖಪುಟವನ್ನೇ ಕಿತ್ತಿರುತ್ತಾನೆ. ಲೈಬ್ರರಿ ಸೀಲು ಇದ್ದರೆ ಬೆಲೆ ಇಳಿಯುತ್ತದೆ, ನಿಜ, ಆದರೆ ಮದ್ರಾಸಿನ ವಿಜಯಚಿತ್ರದಂಥದ್ದು ಸಿಕ್ಕರೆ ಸೀಲು ನೋಡುತ್ತಾ ಕೂರಬೇಡಿ, ತಗೊಳ್ಳಿ.

ನಕಲು ಹಿಡಿಯುವುದು ಸುಲಭ. ಮುಖಪುಟದಲ್ಲಿ ಮಡಿಕೆ ಗೆರೆ ಕಾಣುತ್ತೆ, ಬೆರಳಾಡಿಸಿದರೆ ಮಾತ್ರ ನುಣ್ಣಗಿರುತ್ತೆ. ಸ್ಕ್ಯಾನ್ ಮಾಡುವಾಗ ಹಳೇ ಪ್ರತಿಯ ಮಡಿಕೆಯೂ ಅಚ್ಚಿಗೆ ಬಂದಿರುತ್ತದೆ.

ಆನ್‌ಲೈನಿನಲ್ಲಿ ಯಾರೋ ಹತ್ತು ಸಾವಿರ ಅಂತ ಹಾಕಿದ್ದಾರೆ ಅಂತ ಫೋನಿನಲ್ಲಿ ತೋರಿಸುವವರು ದಿನಾ ಬರುತ್ತಾರೆ. ಹಾಕುವುದಕ್ಕೆ ಏನಂತೆ, ಲಕ್ಷ ಅಂತಲೂ ಹಾಕಬಹುದು. ಅದೇ ಪತ್ರಿಕೆ ಆರು ತಿಂಗಳಾದಮೇಲೂ ಅಲ್ಲೇ ಇದೆಯಾ ನೋಡಿ. ನಿಜವಾಗಿ ಮಾರಾಟ ಆದ ಬೆಲೆಯೇ ನನಗೆ ಲೆಕ್ಕ.

ಮೇಷ್ಟ್ರ ಟ್ರಂಕಿನ ತಳದಲ್ಲಿ ಎಪ್ಪತ್ತರ ದಶಕದ ಮೂರು ಸಂಚಿಕೆ ಸಿಕ್ಕವು, ಪಿನ್ ತುಕ್ಕು ಹಿಡಿದಿತ್ತು, ನಡುಪುಟ ಇತ್ತು. ಅವಕ್ಕೆ ಕವರೇ ಹಾಕಿರಲಿಲ್ಲ. ‘ಅದು ನಮ್ಮಕ್ಕ ಓದ್ತಿದ್ದಿದ್ದು, ಸುಮ್ನೆ ತಳಕ್ಕೆ ಹಾಸಿದ್ದೆ’ ಅಂದರು. ಆ ಮೂರನ್ನು ನಾನು ತಗೊಂಡೆ, ಅಣ್ಣಾವ್ರ ಸಂಚಿಕೆಗಳನ್ನು ಅವರು ವಾಪಸ್ ಒಯ್ದರು.