ಐದು ಲಕ್ಷದ ಗಂಟು: ಕೊಕ್ಕೊ ಆಟಗಾರರ ಮುನಿಸು ಎಲ್ಲಿಂದ ಶುರುವಾಯ್ತು

2025ರ ಜನವರಿ 19. ದೆಹಲಿಯಲ್ಲಿ ಮೊದಲ ಕೊಕ್ಕೊ ವಿಶ್ವಕಪ್‌ನ ಫೈನಲ್. ಭಾರತದ ಹೆಣ್ಣುಮಕ್ಕಳು ನೇಪಾಳವನ್ನು 78–40ರಿಂದ ಸೋಲಿಸಿದರು. ಪಂದ್ಯದ ಅತ್ಯುತ್ತಮ ಆಟಗಾರ್ತಿ ಬಿ. ಚೈತ್ರಾ, ನಮ್ಮ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನವರು. ಅದೇ ದಿನ ಪುರುಷರ ತಂಡವೂ ನೇಪಾಳವನ್ನೇ 54–36ರಿಂದ ಮಣಿಸಿತು. ಆ ತಂಡದಲ್ಲಿ ಕರ್ನಾಟಕದ ಎಂ.ಕೆ. ಗೌತಮ್ ಇದ್ದರು.

ಸನ್ಮಾನ ಆಯಿತು, ಹಾರ ಬಿತ್ತು. ರಾಜ್ಯ ಸರ್ಕಾರ ಇಬ್ಬರಿಗೂ ತಲಾ 5 ಲಕ್ಷ ರೂಪಾಯಿ ಘೋಷಿಸಿತು. ಇಬ್ಬರೂ ಬೇಡ ಅಂದರು. ಪಕ್ಕದ ಮಹಾರಾಷ್ಟ್ರ ತನ್ನ ಆಟಗಾರರಿಗೆ ತಲಾ 2.25 ಕೋಟಿ ಕೊಟ್ಟು, ಸರ್ಕಾರಿ ಕೆಲಸವನ್ನೂ ಕೊಡುತ್ತೇನೆ ಎಂದಿತ್ತು. ಒಂದೇ ತಂಡ, ಒಂದೇ ಕಪ್. ಮೈಸೂರಿನ ಟೀ ಅಂಗಡಿಗಳಲ್ಲಿ ವಾರಗಟ್ಟಲೆ ಇದೇ ಮಾತು. 'ಐದು ಲಕ್ಷ ಅಂದ್ರೆ ಕಮ್ಮಿನಾ' ಅಂತ ಒಬ್ಬರು, 'ಕ್ರಿಕೆಟ್‌ನವರಿಗೆ ಹಿಂಗೆ ಮಾಡ್ತಿದ್ರಾ' ಅಂತ ಇನ್ನೊಬ್ಬರು. ಇಬ್ಬರದೂ ಸರಿ ಅನ್ನಿಸುತ್ತದೆ, ಅದೇ ಕಷ್ಟ.

ಈ ಗಂಟು ಬಿದ್ದು ಬಹಳ ವರ್ಷ ಆಯಿತು. ಕೊಕ್ಕೊಗೆ ನಿಯಮ ಬರೆದದ್ದು ಪುಣೆಯಲ್ಲಿ, ನೂರು ವರ್ಷಕ್ಕೂ ಹಿಂದೆ. 1936ರ ಬರ್ಲಿನ್ ಒಲಿಂಪಿಕ್ಸ್ ವೇಳೆ ಅದರ ಪ್ರದರ್ಶನವೂ ಆಯಿತು. 1959–60ರಲ್ಲಿ ವಿಜಯವಾಡದಲ್ಲಿ ಮೊದಲ ರಾಷ್ಟ್ರೀಯ ಪಂದ್ಯಾವಳಿ ನಡೆಯಿತು. ಅಲ್ಲಿಂದ ಮುಂದೆ ಶಾಲೆಯ ಮೈದಾನಗಳೇ ಅದರ ಮನೆ.

ಕೊಕ್ಕೊ ಮತ್ತು ಕಬಡ್ಡಿ ಅಣ್ಣ ತಮ್ಮಂದಿರ ಹಾಗೆ ಒಂದೇ ಮಣ್ಣಲ್ಲಿ ಬೆಳೆದವು. 1990ರಲ್ಲಿ ಕಬಡ್ಡಿ ಬೀಜಿಂಗ್ ಏಷ್ಯನ್ ಗೇಮ್ಸ್‌ಗೆ ಪದಕದ ಆಟವಾಗಿ ಹೋಯಿತು. ಕೊಕ್ಕೊ ಹೋಗಲಿಲ್ಲ. ಆವತ್ತು ಇದೇನು ದೊಡ್ಡ ಸುದ್ದಿ ಆಗಿರಲಿಲ್ಲ. ಆದರೆ ನಮ್ಮಲ್ಲಿ ಬಹುಮಾನದ ಪಟ್ಟಿ ತಯಾರಾಗುವುದೇ ಒಲಿಂಪಿಕ್ಸ್, ಏಷ್ಯನ್ ಗೇಮ್ಸ್, ಕಾಮನ್‌ವೆಲ್ತ್ ಅನ್ನುವ ಮೆಟ್ಟಿಲುಗಳ ಮೇಲೆ. ಒಲಿಂಪಿಕ್ಸ್ ಚಿನ್ನಕ್ಕೆ 6 ಕೋಟಿ ಅಂತ ನಮ್ಮ ರಾಜ್ಯವೇ ಹೇಳಿದೆ. ಆ ಮೆಟ್ಟಿಲಿನಲ್ಲಿ ಇಲ್ಲದ ಆಟಕ್ಕೆ ಎಷ್ಟು? ಪ್ರತಿ ಸಲವೂ ಹೊಸದಾಗಿ ಕೂತು ಯೋಚಿಸಬೇಕು. ಆಗ ಸಿಗುವುದು ಹಕ್ಕಿನ ಹಣ ಆಗಲ್ಲ, ಮನಸ್ಸಿಗೆ ಬಂದಷ್ಟು ಆಗುತ್ತದೆ. 1998ರ ನಂತರ ಕೊಕ್ಕೊ ಆಟಗಾರರೊಬ್ಬರಿಗೆ ಅರ್ಜುನ ಪ್ರಶಸ್ತಿ ಬಂದದ್ದು 2020ರಲ್ಲಿ. ನಡುವಿನ 22 ವರ್ಷ ಯಾರೂ ಚೆನ್ನಾಗಿ ಆಡಲೇ ಇಲ್ಲ ಅಂತೀರಾ?

ಆ 22 ವರ್ಷದಲ್ಲಿ ಕೆಲವು ವರ್ಷ ನಾನೂ ಆಡಿದ್ದೆ, ಮಂಡ್ಯ ಕಡೆಯ ಶಾಲಾ ತಂಡವೊಂದರಲ್ಲಿ. ಬೆಳಿಗ್ಗೆ ಆರಕ್ಕೆ ಮೈದಾನಕ್ಕೆ ನೀರು ಚಿಮುಕಿಸಿ, ಸುಣ್ಣದ ಗೆರೆ ಎಳೆದು, ಎರಡು ಮರದ ಕಂಬ ನೆಡುತ್ತಿದ್ದೆವು. ಕಂಬ ಹಿಡಿದು ತಿರುಗಿ ತಿರುಗಿ ಅಂಗೈ ಸಿಪ್ಪೆ ಏಳುತ್ತಿತ್ತು. ಬರಿಗಾಲು. ಎಂಟು ಜನ ಚೌಕದಲ್ಲಿ ಕೂರಬೇಕು, ಒಬ್ಬ ಇತ್ತ ಮುಖ, ಪಕ್ಕದವನು ಅತ್ತ ಮುಖ. ಹಿಮ್ಮಡಿ ಎತ್ತಿ, ಬೆರಳು ನೆಲಕ್ಕೆ ಊರಿ, ಈಗ ಎದ್ದೇನು ಅನ್ನುವ ಹಾಗೆ ಕೂರುವುದು. ಹಿಂದೆ ಏನಾಗುತ್ತಿದೆ ಅಂತ ಕಾಣದು. ಬೆನ್ನಿಗೆ ಕೈ ತಾಗಿ 'ಖೋ' ಅನ್ನುವವರೆಗೆ ಏಳುವ ಹಾಗಿಲ್ಲ. ಎದ್ದರೆ ಫೌಲ್. ಒಂಬತ್ತು ನಿಮಿಷದ ಸರದಿಯಲ್ಲಿ ಒಬ್ಬನೇ ಎಷ್ಟು ಓಡಿದರೂ ಪ್ರಯೋಜನವಿಲ್ಲ. ಬೇರೆ ಆಟಗಳಲ್ಲಿ ಟೀಮ್ ವರ್ಕ್ ಅಂತ ಭಾಷಣ ಮಾಡುತ್ತಾರೆ. ಇಲ್ಲಿ ಸರಿಯಾದ ಹೊತ್ತಿಗೆ ಓಟವನ್ನು ಇನ್ನೊಬ್ಬನಿಗೆ ಬಿಟ್ಟುಕೊಡುವುದೇ ಆಟ.

ಮೈಸೂರಿನಲ್ಲಿ ನಡೆದ ಒಂದು ಸೆಮಿಫೈನಲ್ ಈಗಲೂ ನೆನಪಿದೆ. ಒಂದೇ ಪಾಯಿಂಟ್‌ನಿಂದ ಸೋತೆವು. ಕೊನೆ ನಿಮಿಷದಲ್ಲಿ ನಾನು ಮುಂಚೆಯೇ ಎದ್ದುಬಿಟ್ಟಿದ್ದೆ. ಬಸ್ ಹತ್ತುವಾಗ ಮೇಷ್ಟ್ರು ಕೇಳಿದರು, 'ಯಾಕ್ಲಾ ಎದ್ದೆ?'

'ಖೋ ಅಂತ ಕೇಳಿಸ್ತು ಸಾರ್.'

'ನಿಂಗೆ ಕೇಳಿದ್ದು ಪಕ್ಕದ ಕೋರ್ಟಿಂದು ಕಣ್ಲಾ.'

ಬಸ್ಸಿನಲ್ಲಿ ಎಲ್ಲರೂ ನಕ್ಕರು. ನನಗೆ ಅಳು. ಮರುದಿನ ಮೇಷ್ಟ್ರು ಬೈಯಲಿಲ್ಲ. ಏಳನೇ ಕ್ಲಾಸಿನ ಹುಡುಗರನ್ನು ಅಂಕಣದ ಸುತ್ತ ನಿಲ್ಲಿಸಿ 'ಖೋ ಖೋ' ಅಂತ ಕೂಗಿಸಿದರು. ಅದರ ನಡುವೆ ನಾವು ಬೆನ್ನಿಗೆ ಕೈ ಬಿದ್ದಾಗ ಮಾತ್ರ ಏಳಬೇಕು. ಒಂದು ವಾರ ಅದೇ ಪ್ರಾಕ್ಟೀಸ್. ಸೋಲಿನ ಬಗ್ಗೆ ಅಲ್ಲಿ ನಡೆದ ಚರ್ಚೆ ಅಷ್ಟೇ. ಯಾರಿಂದ ಸೋತೆವು ಅನ್ನುವ ಮಾತು ಮತ್ತೆ ಬರಲಿಲ್ಲ.

ಆ ಹನ್ನೆರಡು ಜನರಲ್ಲಿ ಒಬ್ಬ ಪೊಲೀಸ್ ಆದ, ಒಬ್ಬ ಪಿಟಿ ಮೇಷ್ಟ್ರು ಆದ. ಉಳಿದವರು ಕಬ್ಬಿನ ಗದ್ದೆ, ಆಟೊ, ಅಂಗಡಿ. ನಮ್ಮಲ್ಲಿ ಎಲ್ಲರಿಗಿಂತ ಚೆನ್ನಾಗಿ ಓಡುತ್ತಿದ್ದವನು ಇಪ್ಪತ್ತೆರಡಕ್ಕೇ ಆಟ ಬಿಟ್ಟ. ಗಾಯ ಏನೂ ಆಗಿರಲಿಲ್ಲ. ತಂಗಿಯ ಮದುವೆ ಇತ್ತು, ಅಷ್ಟೇ. ಕೊಕ್ಕೊದಲ್ಲಿ ದೊಡ್ಡ ಪೆಟ್ಟು ಬೀಳುವುದು ಜಾಸ್ತಿ ಮೈದಾನದ ಹೊರಗೇ.

ಆಮೇಲೆ ಮಣ್ಣು ಹೋಗಿ ಮ್ಯಾಟ್ ಬಂತು, ಬರಿಗಾಲು ಹೋಗಿ ಶೂ ಬಂತು. 2014ರಲ್ಲಿ ಕಬಡ್ಡಿಗೆ ಟಿವಿ ಲೀಗ್ ಬಂದು, ಹಳ್ಳಿ ಹುಡುಗರು ಹರಾಜಿನಲ್ಲಿ ಲಕ್ಷಗಟ್ಟಲೆಗೆ ಹೋದರು. ಕೊಕ್ಕೊಗೆ ಅಂಥ ಲೀಗ್ ಬಂದದ್ದು 2022ರಲ್ಲಿ, ಪುಣೆಯಲ್ಲಿ. ಸರದಿ ಏಳು ನಿಮಿಷಕ್ಕೆ ಇಳಿಯಿತು. ಬೆನ್ನಟ್ಟುವವರಲ್ಲಿ ಎರಡೂ ದಿಕ್ಕಿಗೆ ಓಡಬಲ್ಲ 'ವಜೀರ್' ಬಂದ. ಓಡುವವರು ಗೊತ್ತುಮಾಡಿದ ಹೊತ್ತಿಗಿಂತ ಜಾಸ್ತಿ ಸಿಗದೆ ಉಳಿದರೆ ಅವರಿಗೂ ಪಾಯಿಂಟ್, ಅದೇ ಡ್ರೀಮ್ ರನ್. ವಿಶ್ವಕಪ್ ಫೈನಲ್‌ನ ಕೊನೆಯ ಸರದಿಯಲ್ಲಿ ಚೈತ್ರಾ ಇದ್ದ ಬ್ಯಾಚ್, ಅಂದರೆ ಒಟ್ಟಿಗೆ ಓಡಲು ಇಳಿಯುವ ಮೂವರು, ಐದು ನಿಮಿಷಕ್ಕೂ ಹೆಚ್ಚು ಹೊತ್ತು ಕೈಗೆ ಸಿಗಲಿಲ್ಲ. ಬೆನ್ನಟ್ಟುವವರು ಸುಸ್ತಾಗಿ ಕಂಬ ಹಿಡಿದು ನಿಲ್ಲುವ ಹಾಗಾಗುತ್ತದೆ ಅಂಥ ಹೊತ್ತಿನಲ್ಲಿ.

ಆದರೆ ಆ ಲೀಗ್ ಶುರುವಾದಾಗ ಇದ್ದ ಆರು ತಂಡಗಳಲ್ಲಿ ಕರ್ನಾಟಕದ ಹೆಸರಿನದು ಒಂದೂ ಇರಲಿಲ್ಲ. ಆಡಿದವರೆಲ್ಲ ಗಂಡಸರೇ. ಹಾಗಾಗಿ ಕೊಕ್ಕೊ ಆಡುವ ಹುಡುಗಿಗೆ 'ವೃತ್ತಿಪರ' ಅಂದರೆ ರೈಲ್ವೆ, ವಿಮಾನ ನಿಲ್ದಾಣ ಪ್ರಾಧಿಕಾರದಂಥ ತಂಡಗಳಲ್ಲಿ ಒಂದು ಕೆಲಸ. ಮಹಾರಾಷ್ಟ್ರಕ್ಕೆ ಇದು ಮನೆ ಆಟ, ವಿಶ್ವಕಪ್‌ನಲ್ಲಿ ಭಾರತದ ಇಬ್ಬರು ನಾಯಕರೂ ಅಲ್ಲಿಯವರೇ. ಅಲ್ಲಿ ಕೈ ಧಾರಾಳವಾದದ್ದರಲ್ಲಿ ಆಶ್ಚರ್ಯ ಇಲ್ಲ. ನಮ್ಮಲ್ಲಿ ದಸರಾ ಕ್ರೀಡಾಕೂಟದಲ್ಲಿ ಆಡಿಸುತ್ತೇವೆ, ಚಪ್ಪಾಳೆ ಹೊಡೆಯುತ್ತೇವೆ, ಮುಂದಿನ ವರ್ಷದವರೆಗೆ ಮರೆಯುತ್ತೇವೆ. ಇಬ್ಬರು ಆಟಗಾರರು ಬೇಡ ಅಂದದ್ದು ದುರಾಸೆ ಅಂತ ನನಗೆ ಅನ್ನಿಸಲಿಲ್ಲ. ಅವರು ಕೇಳಿದ್ದರಲ್ಲಿ ಕೆಲಸದ ಮಾತೂ ಇತ್ತು, ಚರ್ಚೆಯಲ್ಲಿ ಅದೇ ಹಿಂದೆ ಬಿತ್ತು.

ಮೊನ್ನೆ ಊರಿಗೆ ಹೋದಾಗ ಹಳೇ ಮೈದಾನದ ಕಡೆ ಸುಮ್ನೆ ನಡೆದೆ. ಹುಡುಗಿಯರ ಪ್ರಾಕ್ಟೀಸ್ ನಡೀತಿತ್ತು. ನಾನೂ ಆಡಿದವನು ಅಂತ ಗೊತ್ತಾದದ್ದೇ ಒಬ್ಬಳು ನೀರಿನ ಬಾಟಲಿ ಹಿಡಿದು ಹತ್ತಿರ ಬಂದಳು. ಡೈವ್ ಬಗ್ಗೆ ಏನೋ ಕೇಳುತ್ತಾಳೆ ಅಂದುಕೊಂಡೆ.

'ಅಣ್ಣ, ರೈಲ್ವೇಲಿ ತಗೋಬೇಕು ಅಂದ್ರೆ ಎಷ್ಟು ನ್ಯಾಷನಲ್ಸ್ ಆಡಿರಬೇಕು?'